ಅಣ್ಣನ ಎದೆನೋವು ತಮ್ಮನ ಲೆಕ್ಕಕ್ಕೂ ಬರುತ್ತದೆ

ಊರಿನಿಂದಲೋ ಗಲ್ಫಿನಿಂದಲೋ ಅಂಥ ಫೋನು ಬಂದಾಗ ನಾವೆಲ್ಲ ಒಂದೇ ಮಾತು ಹೇಳುತ್ತೇವೆ: "ಅವನ ಆಯುಷ್ಯ ಅಷ್ಟೇ ಇತ್ತು." ಇನ್ನಾಲಿಲ್ಲಾಹಿ ಹೇಳಿ, ಮಯ್ಯಿತ್‌ನ ಕಾಗದಪತ್ರಕ್ಕೆ ಓಡಾಡುತ್ತೇವೆ. ವಿಧಿಯ ನಂಬಿಕೆ ನಮ್ಮ ಈಮಾನಿನ ಭಾಗ, ಅದರಲ್ಲಿ ತಕರಾರಿಲ್ಲ. ಆದರೆ ತೀರಿಹೋದವನಿಗೆ ನಲವತ್ತೈದು ವರ್ಷ, ಅವನಿಗೆ ಇಬ್ಬರು ತಮ್ಮಂದಿರು ಅಂತಾದರೆ, ದಫನ್ ಮುಗಿದ ಮೇಲೂ ಒಂದು ಕೆಲಸ ಬಾಕಿ ಇರುತ್ತದೆ.

ಇದಕ್ಕೆ ಆಧಾರ ನಮ್ಮ ಸುಂಡ್‌ಬೀಬರ್ಯ್‌ನ ಪಕ್ಕದಲ್ಲೇ ಇದೆ. ಇಲ್ಲಿಗೆ ತಾಗಿಕೊಂಡಿರುವ ಸೋಲ್ನಾದ ಕರೋಲಿನ್ಸ್ಕಾ ಸಂಸ್ಥೆ ಸ್ವೀಡನ್ನಿನ ಅವಳಿಗಳ ದಾಖಲೆ ಇಟ್ಟುಕೊಂಡಿದೆ. 21,004 ಅವಳಿಗಳ 26 ವರ್ಷಗಳ ಮಾಹಿತಿ ನೋಡಿ ಮಾರೆನ್‌ಬರ್ಗ್, ಉಲ್ಫ್ ಡಿ ಫೇರ್ ಮತ್ತು ಸಂಗಡಿಗರು 1994ರಲ್ಲಿ ಒಂದು ಅಧ್ಯಯನ ಪ್ರಕಟಿಸಿದರು. ಗಂಡಸರಲ್ಲಿ ಅವಳಿಯೊಬ್ಬ 55ರೊಳಗೆ ಹೃದ್ರೋಗದಿಂದ ಸತ್ತಿದ್ದರೆ, ಒಂದೇ ರೂಪದ ಇನ್ನೊಬ್ಬನಿಗೆ ಅದೇ ಸಾವಿನ ಅಪಾಯ ಎಂಟು ಪಟ್ಟು. ರೂಪ ಬೇರೆ ಇರುವ ಅವಳಿಯಾದರೆ ಸುಮಾರು ನಾಲ್ಕು ಪಟ್ಟು. ಈ ಎರಡನೆಯದನ್ನು ಗಮನಿಸಿ. ರೂಪ ಬೇರೆ ಇರುವ ಅವಳಿಗಳ ರಕ್ತಸಂಬಂಧ ಸಾಮಾನ್ಯ ಅಣ್ಣತಮ್ಮಂದಿರಷ್ಟೇ. ಅಂದರೆ ಇದು ನಮ್ಮ ಮನೆಗಳ ವಿಷಯ. ವಯಸ್ಸಾಗಿ ಹೃದಯ ನಿಂತವರ ಕುಟುಂಬದಲ್ಲಿ ಈ ಅಪಾಯ ಇಷ್ಟಿಲ್ಲ. ಬೇಗ ಹೋದವರ ಕುಟುಂಬ ಎಚ್ಚರವಾಗಬೇಕು.

ನಮ್ಮವರಿಗೆ ಇದು ಬೇಗ ಬರುತ್ತದೆ ಎಂಬುದೂ ಗೊತ್ತಾಗಿದೆ. ಕೇರಳದಲ್ಲಿ ಹುಟ್ಟಿ, ಬೆಂಗಳೂರಿನ ಸೇಂಟ್ ಜಾನ್ಸ್‌ನಲ್ಲಿ ಓದಿ, ಕೆನಡಾದಲ್ಲಿ ನೆಲೆಸಿದ ಡಾ. ಸಲೀಂ ಯೂಸುಫ್ ನೇತೃತ್ವದ ಇಂಟರ್‌ಹಾರ್ಟ್ ಅಧ್ಯಯನ 52 ದೇಶಗಳಲ್ಲಿ ನಡೆಯಿತು. ಅದರಲ್ಲಿ ದಕ್ಷಿಣ ಏಷ್ಯಾದವರ ಮೊದಲ ಹೃದಯಾಘಾತದ ನಡುವಯಸ್ಸು 53. ಉಳಿದವರದ್ದು ಸುಮಾರು 59.

ಹಾಗಾದರೆ ರಕ್ತದಲ್ಲೇ ಬಂದದ್ದಕ್ಕೆ ಏನು ಮಾಡುವುದು? ಸೇಕರ್ ಕತಿರೇಶನ್ ಅವರ ತಂಡ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಸ್ವೀಡನ್ನಿನ ಮಾಲ್ಮೋದ 22,389 ಜನರೂ ಇದ್ದರು. ವಂಶವಾಹಿಯ ಅಪಾಯ ಹೆಚ್ಚಿದ್ದವರಲ್ಲೇ, ಬೀಡಿ ಸಿಗರೇಟು ಬಿಡುವುದು, ಬೊಜ್ಜು ಇಲ್ಲದಿರುವುದು, ಮೈ ಆಡಿಸುವುದು, ಒಳ್ಳೆಯ ಊಟ, ಈ ನಾಲ್ಕರಲ್ಲಿ ಮೂರನ್ನಾದರೂ ಪಾಲಿಸಿದವರ ಅಪಾಯ, ಪಾಲಿಸದವರಿಗಿಂತ ಶೇ. 46ರಷ್ಟು ಕಡಿಮೆ ಇತ್ತು. ಅವರೆಲ್ಲ ಹೆಚ್ಚಾಗಿ ಬಿಳಿಯರು, ನಮ್ಮಂಥವರ ಮೇಲೆ ಇಂಥ ಸಂಶೋಧನೆ ಇನ್ನೂ ಸಾಲದು. ಆದರೂ ಸಿಗರೇಟು ಬಿಡಲಿಕ್ಕೆ ಹೊಸ ಸಂಶೋಧನೆ ಯಾಕೆ ಬೇಕು ಮಾರಾಯ್ರೆ?

ನಮ್ಮ ನಿಜವಾದ ಕಷ್ಟ ಬೇರೆ. ಬಿಪಿ ಇದೆ ಅಂತ ಗೊತ್ತಾದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ. ಉಮ್ಮನ ಔಷಧಿಗೆ ತಪ್ಪದೆ ದುಡ್ಡು ಕಳಿಸುವವನು ತನ್ನ ಮಾತ್ರೆಯನ್ನು ಮುಂದಿನ ತಿಂಗಳಿಗೆ ದೂಡುತ್ತಾನೆ. ಊರಲ್ಲಿರುವವರು ಫೋನಿನಲ್ಲಿ ದುಡ್ಡು ಬಂತಾ ಎಂಬುದರ ಜೊತೆ ಬಿಪಿ ಎಷ್ಟು ಎಂದೂ ಕೇಳಲಿ. ತಂದೆ, ಅಣ್ಣ ತಮ್ಮಂದಿರಲ್ಲಿ ಯಾರಿಗಾದರೂ 55ರೊಳಗೆ, ತಾಯಿ, ಅಕ್ಕ ತಂಗಿಯರಲ್ಲಿ 65ರೊಳಗೆ ಹಾರ್ಟ್ ಅಟ್ಯಾಕ್ ಆಗಿದ್ದರೆ ಅದನ್ನು ಚೀಟಿಯಲ್ಲಿ ಬರೆದಿಟ್ಟು ಡಾಕ್ಟರಿಗೆ ತೋರಿಸಿ. ಬಿಪಿ, ಶುಗರ್, ಕೊಲೆಸ್ಟ್ರಾಲ್ ಪರೀಕ್ಷೆ ಮಾಡಿಸಿ. ದುಬಾರಿ ಜೀನ್ ಟೆಸ್ಟಿಗಿಂತ ಮೊದಲು ಆ ಚೀಟಿ ಸಾಕು.

ಇನ್ನೊಂದು, ಗ್ಯಾಸ್ಟ್ರಿಕ್ ವಿಷಯ. ಎದೆ ಹಿಂಡಿ, ಬೆವರು ಕಿತ್ತು, ಎಡಗೈಗೋ ದವಡೆಗೋ ನೋವು ಇಳಿದರೆ ಸೋಡಾ ಕುಡಿದು ರೂಮಿನಲ್ಲಿ ಮಲಗಬೇಡಿ. ಸ್ವೀಡನ್ನಿನಲ್ಲಿ 112, ಯುಎಇಯಲ್ಲಿ 998, ಸೌದಿಯಲ್ಲಿ 997, ಊರಲ್ಲಿ 108. ರೂಮಿನ ಬಾಗಿಲ ಹಿಂದೆ ಇವತ್ತೇ ಬರೆದು ಅಂಟಿಸಿ.