ಓದಿಸಿದ ರಾಜ್ಯವೇ ಕಾಲೇಜಿನ ಬಾಗಿಲು ಹಾಕಿದರೆ

2025ರ ಜೂನ್ 4ರಂದು ಅಮೆರಿಕದ ಕೇಂದ್ರ ಸರ್ಕಾರ ಟೆಕ್ಸಾಸ್ ರಾಜ್ಯದ ಮೇಲೆ ದಾವೆ ಹೂಡಿತು. ರಾಜ್ಯದ ಕಾನೂನನ್ನು ಸಮರ್ಥಿಸಬೇಕಿದ್ದ ಅಟಾರ್ನಿ ಜನರಲ್ ವಾದಕ್ಕೇ ಇಳಿಯದೆ ಒಪ್ಪಿಕೊಂಡರು; ನ್ಯಾಯಾಲಯ ಅದೇ ದಿನ ತಡೆ ಹಾಕಿತು. ಹೋದದ್ದು 2001ರ ಕಾನೂನು. ಅದರಡಿ ದಾಖಲೆಯಿಲ್ಲದೆ ಬಂದ ಮಕ್ಕಳೂ ಮೂರು ವರ್ಷ ಅಲ್ಲೇ ಇದ್ದು ಹೈಸ್ಕೂಲು ಮುಗಿಸಿದ್ದರೆ ಸರ್ಕಾರಿ ಕಾಲೇಜಿನಲ್ಲಿ ಸ್ಥಳೀಯರ ಕಡಿಮೆ ಫೀಸನ್ನೇ ಕಟ್ಟಬಹುದಿತ್ತು. ಸಹಿ ಹಾಕಿದ್ದು ರಿಪಬ್ಲಿಕನ್ ಗವರ್ನರ್ ರಿಕ್ ಪೆರಿ. ರದ್ದತಿಯ ಮಸೂದೆಗಳು ಹಲವು ಸಲ ಬಂದರೂ ಶಾಸನಸಭೆಯಲ್ಲಿ ಪಾಸಾಗಲಿಲ್ಲ. ಸಭೆಯಲ್ಲಿ ಆಗದ ಕೆಲಸ ಕೋರ್ಟಿನಲ್ಲಿ ಒಂದೇ ದಿನಕ್ಕೆ ಮುಗಿಯಿತು!

ಇದನ್ನು ಕರುಣೆಯ ಮಾತಾಗಿಸುವುದು ಬೇಡ, ಲೆಕ್ಕವನ್ನೇ ನೋಡೋಣ. ಇಂಥ ಮಕ್ಕಳಿಗೂ ಸರ್ಕಾರಿ ಶಾಲೆಯಲ್ಲಿ ಉಚಿತ ಶಿಕ್ಷಣ ಕೊಡಲೇಬೇಕೆಂದು ಸುಪ್ರೀಂ ಕೋರ್ಟ್ 1982ರಲ್ಲೇ ತೀರ್ಪಿತ್ತಿದೆ. ಆ ಮೊಕದ್ದಮೆ ಹುಟ್ಟಿದ್ದೂ ಟೆಕ್ಸಾಸಿನಲ್ಲೇ. ಅಂದರೆ ಹನ್ನೆರಡನೇ ತರಗತಿವರೆಗಿನ ಖರ್ಚನ್ನು ರಾಜ್ಯ ಆಗಲೇ ಭರಿಸಿರುತ್ತದೆ. ಹೀಗೆ ಓದಿಸಿದ ಹುಡುಗಿಗೆ ಕಾಲೇಜಿನ ಹೊಸ್ತಿಲಲ್ಲಿ ಹೊರಗಿನವರ ಫೀಸು ಹೇಳಿದರೆ ಖಜಾನೆಗೆ ಆ ಹಣ ಬರುತ್ತದೆಯೇ? ಆಕೆಗೆ ಕೇಂದ್ರದ ಶಿಕ್ಷಣ ಸಾಲ, ಸಹಾಯಧನ ಸಿಗುವುದಿಲ್ಲ. ಇಂಥ ಹೆಚ್ಚಿನವರಿಗೆ ಕಾನೂನುಬದ್ಧ ಕೆಲಸಕ್ಕೂ ಅವಕಾಶವಿಲ್ಲ. ಹಲವರು ಓದನ್ನೇ ಬಿಡಬೇಕಾಗುತ್ತದೆ. ಸಿಗಬಹುದಾಗಿದ್ದ ಸ್ಥಳೀಯ ಫೀಸೂ ಹೋಯಿತು, ನಾಳೆಯ ನರ್ಸೋ ಶಿಕ್ಷಕಿಯೋ ಆಗಬೇಕಿದ್ದವಳೂ ಹೋದಳು.

ಆಕ್ಷೇಪಗಳಲ್ಲಿ ತೂಕವುಳ್ಳದ್ದು ಒಂದು: ಪಕ್ಕದ ಒಕ್ಲಹೋಮಾದ ಅಮೆರಿಕನ್ ಪ್ರಜೆ ಹೆಚ್ಚು ಕಟ್ಟುವಾಗ ಇವರಿಗೇಕೆ ಕಡಿಮೆ? ಇದಕ್ಕೆ ಉತ್ತರವಿರುವುದು ಕ್ಯಾಲಿಫೋರ್ನಿಯಾದಲ್ಲಿ. ಅಲ್ಲಿನ ಕಾನೂನು ವಾಸದ ಬದಲು ಶಾಲೆಯನ್ನು ಅಳತೆಗೋಲಾಗಿ ಹಿಡಿಯಿತು. ಮೂರು ವರ್ಷ ಅಲ್ಲಿ ಓದಿ ಹೈಸ್ಕೂಲು ಮುಗಿಸಿದವರು ಈಗ ಬೇರೆ ರಾಜ್ಯದಲ್ಲಿರುವ ಪ್ರಜೆಗಳಾದರೂ ಅರ್ಹರೇ. ದಾಖಲೆಯಿಲ್ಲದವರು ಅರ್ಹರಾದ ಕೂಡಲೇ ಕಾಯಂ ವಾಸಕ್ಕೆ ಅರ್ಜಿ ಹಾಕುವುದಾಗಿ ಪ್ರಮಾಣಪತ್ರವನ್ನೂ ಬರೆದುಕೊಡಬೇಕು. ಆ ರಾಜ್ಯದ ಸುಪ್ರೀಂ ಕೋರ್ಟ್ 2010ರಲ್ಲಿ ಇದನ್ನು ಒಮ್ಮತದಿಂದ ಎತ್ತಿಹಿಡಿಯಿತು. ಸಿಇಟಿ ಸೀಟಿಗಾಗಿ ಕರ್ನಾಟಕದಲ್ಲಿ ಏಳು ವರ್ಷ ಓದಿದ ದಾಖಲೆ ಹೊಂದಿಸುವ ನಮ್ಮ ಪೋಷಕರಿಗೆ ಈ ತರ್ಕ ಹೊಸದಲ್ಲ. ತೆರಿಗೆದಾರರ ದುಡ್ಡು ಎನ್ನುವವರಿಗೆ ಒಂದು ಮಾತು: ಟೆಕ್ಸಾಸ್‌ನಲ್ಲಿ ರಾಜ್ಯದ ಆದಾಯ ತೆರಿಗೆಯೇ ಇಲ್ಲ. ರಾಜ್ಯದ ತೆರಿಗೆ ಸಂಗ್ರಹದ ದೊಡ್ಡ ಪಾಲು ಬರುವುದು ಮಾರಾಟ ತೆರಿಗೆಯಿಂದ. ಅಂಗಡಿಯ ಬಿಲ್ಲು ಯಾರ ದಾಖಲೆಯನ್ನೂ ಕೇಳುವುದಿಲ್ಲ. ಗಡಿ ದಾಟಿದ ತಪ್ಪಂತೂ ತೋಳಲ್ಲಿ ಬಂದ ಕೂಸಿನದಲ್ಲ.

ನಾವು ವೀಸಾ ಪಡೆದು ಹೋದವರು, ಇದು ನಮ್ಮ ತಂಟೆಯಲ್ಲ ಎನ್ನುವ ಭಾವನೆ ಅಮೆರಿಕದಲ್ಲಿರುವ ಭಾರತೀಯರಲ್ಲೂ ಇದೆ. ಆದರೆ ಒಂದೊಂದು ದೇಶಕ್ಕೂ ಶೇ 7ರ ಮಿತಿಯಿರುವುದರಿಂದ ಗ್ರೀನ್ ಕಾರ್ಡ್ ಸರದಿ ದಶಕಗಟ್ಟಲೆ ಎಳೆಯುತ್ತಿದೆ. ಎಚ್-1ಬಿ ನೌಕರರ ಮಕ್ಕಳು 21 ತುಂಬಿದೊಡನೆ ಅಪ್ಪ ಅಮ್ಮನ ವೀಸಾದ ಆಶ್ರಯ ಕಳೆದುಕೊಳ್ಳುತ್ತಾರೆ. ವಿದ್ಯಾರ್ಥಿ ವೀಸಾಕ್ಕೆ ಬದಲಾದರೆ ಹಲವೆಡೆ ಹೊರಗಿನವರ ಫೀಸೇ ಗತಿ. ಬೆಂಗಳೂರು, ಮೈಸೂರಿನಿಂದ ಹೋದ ಮನೆಗಳೂ ಈ ಸರದಿಯಲ್ಲಿವೆ.

ದಾವೆಗೆ ಆಧಾರವಾದ 1996ರ ಕೇಂದ್ರ ಕಾನೂನು ಅಡ್ಡಿಪಡಿಸುವುದು ವಾಸದ ಆಧಾರದ ರಿಯಾಯಿತಿಗೆ. ಟೆಕ್ಸಾಸ್ ಕಾನೂನು ಎಡವಿದ್ದು ಅಲ್ಲೇ. ಕ್ಯಾಲಿಫೋರ್ನಿಯಾದಂತೆ ಶಾಲಾ ವ್ಯಾಸಂಗವನ್ನೇ ಆಧಾರವಾಗಿಸಿ ಟೆಕ್ಸಾಸ್ ಶಾಸನಸಭೆ ಹೊಸ ಮಸೂದೆ ತರಬೇಕು.