ಸಂಘದ ಕಂಪ್ಯೂಟರ್‌ನ ಅಗಸಿಗೆ ಕೀಲಿ ಹಾಕಿದವರು ಯಾರು?

ಒಣದ್ರಾಕ್ಷಿ ಬಾಕ್ಸ್‌ಗಳು ಕೋಲ್ಡ್ ಸ್ಟೋರೇಜ್ ಸೇರುವ ಹಂಗಾಮು. ತಿಕೋಟಾ ಭಾಗದ ಒಂದು ಕೋಲ್ಡ್ ಸ್ಟೋರೇಜ್‌ನಲ್ಲಿ ಲೆಕ್ಕ ಬರೆಯುವ ಹುಡುಗ ಬೆಳಿಗ್ಗೆ ಫೋನ್ ಮಾಡಿದ. "ಅಣ್ಣಾ, ಕಂಪ್ಯೂಟರ್ ಚಾಲೂ ಆಗೈತಿ, ಆದ್ರ ಒಂದೂ ಲೆಕ್ಕ ತೆರಿವಲ್ದು. ಇಂಗ್ಲಿಷ್‌ನ್ಯಾಗ ಒಂದು ಚೀಟಿ ಬಂದೈತಿ, ರೊಕ್ಕ ಕೇಳಾಕತ್ತಾರ."

ಹೋಗಿ ನೋಡಿದೆ. ಯಾವ ರೈತ ಎಷ್ಟು ಬಾಕ್ಸ್ ಇಟ್ಟಿದ್ದಾನೆ, ಯಾರು ಎಷ್ಟು ಮುಂಗಡ ಒಯ್ದಿದ್ದಾರೆ, ಎಲ್ಲವೂ ಒಳಗೇ ಸಿಕ್ಕಿಬಿದ್ದಿತ್ತು. ರಸೀದಿ ಜೋಪಾನ ಮಾಡಿದವರು ಬಚಾವಾದರು. ಕಳೆದುಕೊಂಡವರು ವಾರಗಟ್ಟಲೆ ಓಡಾಡಿದರು. ಮಾಲೀಕರು "ಸುದ್ದಿ ಮಾಡಬ್ಯಾಡ್ರಿ, ಹೆಸರು ಕೆಡತೈತಿ" ಎಂದರು. ಆಗ ಬರೆಯಲಿಲ್ಲ. ಈಗ ಹೆಸರು ಹೇಳದೆ ಬರೆಯುತ್ತಿದ್ದೇನೆ, ಯಾಕೆಂದರೆ ತಪ್ಪು ಅವರೊಬ್ಬರದಲ್ಲ.

ರಿಪೇರಿಗೆ ವಿಜಯಪುರದಿಂದ ಬಂದ ಹುಡುಗ ರೌಟರ್ ತೆರೆದು ಎರಡು ಸಂಖ್ಯೆ ತೋರಿಸಿದ: 3389, 1433. "ಈ ಎರಡೂ ಬಾಗಿಲು ಜಗತ್ತಿಗೇ ತೆರೆದಾವ್ರಿ" ಎಂದ. ಸಾಫ್ಟ್‌ವೇರ್ ಮಾರಿದವನು ದೂರದ ಊರಿನಲ್ಲಿ ಕುಳಿತೇ ರಿಪೇರಿ ಮಾಡಲು ಅನುಕೂಲವಾಗಲಿ ಎಂದು ತೆರೆದು ಹೋಗಿದ್ದ. ಪಾಸ್‌ವರ್ಡ್ ಏನೆಂದರೆ ಸಂಸ್ಥೆಯ ಹೆಸರು, ಅದರ ಮುಂದೆ 123.

ಈ ಸಂಖ್ಯೆಗಳೇನು? ವಿಜಯಪುರದ ಕೋಟೆ ನೆನಪಿಸಿಕೊಳ್ಳಿ. ಕೋಟೆ ಒಂದೇ, ಒಳಹೋಗಲು ಶಹಾಪುರ ದರವಾಜೆ, ಅಲ್ಲಾಪುರ ದರವಾಜೆ, ಮಕ್ಕಾ ದರವಾಜೆ ಹೀಗೆ ಹಲವು ಬಾಗಿಲು. ಇಂಟರ್‌ನೆಟ್‌ಗೆ ಸೇರಿದ ಪ್ರತಿ ಕಂಪ್ಯೂಟರ್ ಕೂಡ ಹಾಗೆಯೇ. ಅದರ ಬಾಗಿಲುಗಳಿಗೆ ಹೆಸರಿನ ಬದಲು ಸಂಖ್ಯೆ ಇರುತ್ತದೆ, 65,535ರವರೆಗೆ. ಇವನ್ನೇ ಪೋರ್ಟ್ ಎನ್ನುತ್ತಾರೆ. ನೀವು ಫೋನಿನಲ್ಲಿ ಪಹಣಿ ನೋಡುವಾಗ ಹೋಗುವುದು ಸಾಮಾನ್ಯವಾಗಿ 443ನೇ ಬಾಗಿಲಿನಿಂದ. ಅದು ಎಲ್ಲರಿಗೂ ತೆರೆದಿರಬೇಕಾದ ಅಗಸಿ. ಆದರೆ ಇನ್ನು ಕೆಲವು ಬಾಗಿಲುಗಳು ಮನೆಯವರಿಗೆ ಮಾತ್ರ.

22ನೇ ಬಾಗಿಲು ದೂರದಿಂದ ಕಂಪ್ಯೂಟರ್‌ಗೆ ಅಪ್ಪಣೆ ಕೊಡುವವರದು. ಅದನ್ನು ಎಸ್‌ಎಸ್‌ಎಚ್ ಎನ್ನುತ್ತಾರೆ. 3389 ದೂರದಿಂದ ವಿಂಡೋಸ್ ಪರದೆಯನ್ನೇ ಎದುರಿಗೆ ತಂದುಕೊಳ್ಳುವುದು. 3306 ಮೈಎಸ್‌ಕ್ಯೂಎಲ್, 1433 ಮೈಕ್ರೋಸಾಫ್ಟ್‌ನ ಎಸ್‌ಕ್ಯೂಎಲ್ ಸರ್ವರ್, 5432 ಪೋಸ್ಟ್‌ಗ್ರೆಸ್, 27017 ಮೊಂಗೋಡಿಬಿ. ಈ ಕೊನೆಯ ನಾಲ್ಕೂ ಡೇಟಾಬೇಸ್‌ನ ಬಾಗಿಲುಗಳು. ಅಂದರೆ ನೇರ ಖಜಾನೆ ಕೋಣೆಗೇ ಹೋಗುವಂಥವು.

22ರ ಕತೆ ಕೇಳುವಂಥದ್ದು. 1995ರಲ್ಲಿ ಫಿನ್‌ಲೆಂಡಿನ ಹೆಲ್ಸಿಂಕಿ ತಾಂತ್ರಿಕ ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಕುಳಿತು ಪಾಸ್‌ವರ್ಡ್ ಕದಿಯುತ್ತಿದ್ದರು. ಆಗ ದೂರದ ಕಂಪ್ಯೂಟರ್‌ಗೆ ಹೋಗಲು ಇದ್ದ ದಾರಿ ಟೆಲ್‌ನೆಟ್. ಅದರಲ್ಲಿ ಪಾಸ್‌ವರ್ಡ್ ಬಯಲಲ್ಲೇ ಹಾದುಹೋಗುತ್ತಿತ್ತು. ಅಲ್ಲಿನ ತಾತು ಯೊಲೊನೆನ್ ಎಂಬವರು ಮಾತನ್ನು ಗುಟ್ಟಾಗಿ ಒಯ್ಯುವ ಎಸ್‌ಎಸ್‌ಎಚ್ ಬರೆದರು. ಕಡತ ಕಳಿಸುವ ಎಫ್‌ಟಿಪಿಗೆ 21, ಟೆಲ್‌ನೆಟ್‌ಗೆ 23 ಇದ್ದವು. ನಡುವೆ ಖಾಲಿ ಇದ್ದ 22ನ್ನು ಕೇಳಿ ಪಡೆದರು. ಕಳ್ಳರ ಕಾಟದಿಂದಲೇ ಹುಟ್ಟಿದ ಬಾಗಿಲು ಅದು. ಅದನ್ನೂ ನಾವು ಹೆಸರು-123 ಎಂಬ ಪಾಸ್‌ವರ್ಡ್ ಹಾಕಿ ಬಿಟ್ಟರೆ ಅವರ ಶ್ರಮ ನೀರಿನಲ್ಲಿ ಹೋಮ.

"ತಿಕೋಟಾದಾಗಿನ ನಮ್ಮ ಲೆಕ್ಕ ತಗೊಂಡು ಅಮೆರಿಕಾದಾಂವ ಏನ್ ಮಾಡ್ತಾನ್ರಿ?" ನಾನು ಈ ಮಾತೆತ್ತಿದಾಗಲೆಲ್ಲ ಬರುವ ಉತ್ತರ ಇದು. ತಪ್ಪು ತಿಳಿವಳಿಕೆ. ಕಳ್ಳನಿಗೆ ತಿಕೋಟಾ ಎಲ್ಲಿದೆ ಎಂದು ಗೊತ್ತಿರಬೇಕಿಲ್ಲ. ಇಂಟರ್‌ನೆಟ್‌ನ ಹಳೆಯ ಮಾದರಿಯ ವಿಳಾಸಗಳು ಸುಮಾರು 430 ಕೋಟಿ. ಅಷ್ಟನ್ನೂ ಒಂದು ಬಾಗಿಲ ಸಂಖ್ಯೆಗೆ ತಟ್ಟಿ ನೋಡಲು 45 ನಿಮಿಷ ಸಾಕು ಎಂದು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯದ ಸಂಶೋಧಕರು 2013ರಲ್ಲೇ ಝಡ್‌ಮ್ಯಾಪ್ ಎಂಬ ಸಾಧನದಿಂದ ತೋರಿಸಿಕೊಟ್ಟರು. ಅವರು ಮಾಡಿದ್ದು ಅಧ್ಯಯನಕ್ಕೆ. ಕಳ್ಳರು ಅದೇ ಕೆಲಸವನ್ನು ಹಗಲು ರಾತ್ರಿ ಮಾಡುತ್ತಾರೆ. ತಟ್ಟುವುದು ಯಂತ್ರ. ಅದಕ್ಕೆ ಬ್ಯಾಂಕು, ಪಿಕೆಪಿಎಸ್ ಎಂಬ ಭೇದವಿಲ್ಲ.

2017ರ ಜನವರಿಯಲ್ಲಿ ಆದದ್ದು ಇದೇ. 27017ನೇ ಬಾಗಿಲು ತೆರೆದು, ಪಾಸ್‌ವರ್ಡ್ ಇಲ್ಲದೆ ನಿಂತಿದ್ದ ಡೇಟಾಬೇಸ್‌ಗಳನ್ನು ಕಳ್ಳರು ಹುಡುಕಿ ಹುಡುಕಿ ಅಳಿಸಿ, ಹಣ ಕೇಳುವ ಚೀಟಿ ಇಟ್ಟು ಹೋದರು. ಕೆಲವೇ ದಿನಗಳಲ್ಲಿ ಜಗತ್ತಿನಾದ್ಯಂತ 20,000ಕ್ಕೂ ಹೆಚ್ಚು ಡೇಟಾಬೇಸ್‌ಗಳು ಹೋದವು. ಅದೇ ವರ್ಷ ಮೇ ತಿಂಗಳಲ್ಲಿ 445ನೇ ಬಾಗಿಲಿನಿಂದ ವಾನಾಕ್ರೈ ಹರಡಿತು. ಕಡತ ಹಂಚಿಕೊಳ್ಳಲು ವಿಂಡೋಸ್ ಬಳಸುವ ಬಾಗಿಲು ಅದು. ನಮ್ಮ ಪಕ್ಕದ ಕೇರಳದಲ್ಲಿ ವಯನಾಡಿನ ಗ್ರಾಮ ಪಂಚಾಯತಿ ಕಚೇರಿಯ ಕಂಪ್ಯೂಟರ್‌ಗಳೂ ಅದಕ್ಕೆ ಸಿಕ್ಕವು. ಪಂಚಾಯತಿ ಕಚೇರಿ! ಇನ್ನೂ "ನಮ್ಮಂಥವರ ಲೆಕ್ಕ ಯಾರಿಗೆ ಬೇಕು" ಎನ್ನುವುದೇ?

ನಮ್ಮ ಲೆಕ್ಕವೂ ಈಗ ಮೊದಲಿನಂತಿಲ್ಲ. ಒಂದು ಕಾಲಕ್ಕೆ ಪಹಣಿ ತಲಾಠಿಯ ದಪ್ಪರದಲ್ಲಿತ್ತು. ಭೂಮಿ ಯೋಜನೆಯಲ್ಲಿ ರಾಜ್ಯದ ಸುಮಾರು 2 ಕೋಟಿ ಪಹಣಿ ಕಂಪ್ಯೂಟರ್ ಸೇರಿದವು. 2022ರ ಜೂನ್‌ನಲ್ಲಿ ಕೇಂದ್ರ ಸರ್ಕಾರ ದೇಶದ 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸಲು 2,516 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆ ಕೊಟ್ಟಿತು. ಸರ್ಕಾರದ ದೊಡ್ಡ ಸರ್ವರ್ ಕಾಯಲು ಜನರಿದ್ದಾರೆ. ನನ್ನ ಚಿಂತೆ ಅದರ ಕೆಳಗಿನ ಸಾಲಿನದು: ಕೋಲ್ಡ್ ಸ್ಟೋರೇಜ್, ಸೌಹಾರ್ದ ಸಂಘ, ಗೊಬ್ಬರದ ಅಂಗಡಿ, ಖಾಸಗಿ ಶಾಲೆ, ಸಣ್ಣ ದವಾಖಾನೆ. ಇಲ್ಲಿ ಒಂದು ಕಂಪ್ಯೂಟರ್, ಒಬ್ಬ ಹುಡುಗ, ದೂರದಲ್ಲೊಬ್ಬ ಸಾಫ್ಟ್‌ವೇರ್‌ನವ. ಒಳಗಿರುವುದು ನಮ್ಮ ಆಧಾರ್ ನಂಬರು, ಖಾತೆ ನಂಬರು, ಸಾಲದ ಬಾಕಿ, ಮಕ್ಕಳ ವಿವರ.

ಸಾಫ್ಟ್‌ವೇರ್‌ನವರ ಮಾತಿನಲ್ಲೂ ಸತ್ಯವಿದೆ. ಪ್ರತಿ ಸಣ್ಣ ರಿಪೇರಿಗೂ ಪುಣೆಯಿಂದಲೋ ಬೆಂಗಳೂರಿನಿಂದಲೋ ಬರಲು ಆಗುವುದಿಲ್ಲ, ಬಂದರೆ ಖರ್ಚು ನಮ್ಮ ಮೇಲೆಯೇ. ದೂರದಿಂದ ರಿಪೇರಿ ಬೇಡ ಎಂದು ನಾನೂ ಹೇಳುವುದಿಲ್ಲ. ಆದರೆ ದೂರದಿಂದ ಬರಲು ಅಗಸಿಯನ್ನು ವರ್ಷವಿಡೀ ಹಾರುಹೊಡೆದು ಇಡಬೇಕಿಲ್ಲ.

ಡೇಟಾಬೇಸ್ ತನ್ನ ಕಂಪ್ಯೂಟರ್ ಒಳಗಿನ, ಹೆಚ್ಚೆಂದರೆ ತನ್ನ ಕಚೇರಿಯೊಳಗಿನ ಮಾತಿಗೆ ಮಾತ್ರ ಓಗೊಡುವಂತೆ ಇಡಬಹುದು. ಹೊರಗಿನಿಂದ ಬರುವವನು ಮೊದಲು ವಿಪಿಎನ್ ಅಥವಾ ಎಸ್‌ಎಸ್‌ಎಚ್ ಮೂಲಕ ಗುರುತು ತೋರಿಸಿ ಒಳಗೆ ಬಂದು, ಆಮೇಲೆ ಖಜಾನೆ ಕೋಣೆಗೆ ಹೋಗಬಹುದು. ಎಸ್‌ಎಸ್‌ಎಚ್‌ಗೆ ಪಾಸ್‌ವರ್ಡ್ ಬದಲು ಕೀ ಎಂಬ ಉದ್ದನೆಯ ಗುಪ್ತ ಕಡತ ಬಳಸಬಹುದು. ಅದನ್ನು ಊಹಿಸಿ ತೆರೆಯುವುದು ಆಗದ ಮಾತು. ಬರುವವನ ವಿಳಾಸವೊಂದಕ್ಕೇ ಬಾಗಿಲು ತೆರೆಯುವಂತೆ ಫೈರ್‌ವಾಲ್‌ನಲ್ಲಿ ಬರೆಯಬಹುದು. ಬಲ್ಲವನಿಗೆ ಇದು ಅರ್ಧ ದಿನದ ಕೆಲಸ.

ಕೆಲವರು 22ರ ಬದಲು 2222 ಇಟ್ಟು ಕೈತೊಳೆದುಕೊಳ್ಳುತ್ತಾರೆ. ಬಾಗಿಲು ಸರಿಸಿದರೆ ತಟ್ಟುವವರು ಸ್ವಲ್ಪ ಕಡಿಮೆಯಾಗುತ್ತಾರೆ, ನಿಜ. ಆದರೆ ಬಾಗಿಲು ಬೇರೆ ಕಡೆ ಇಡುವುದು ಕೀಲಿ ಹಾಕಿದಂತಲ್ಲ.

ಹಾಗಾದರೆ ಊರಿನವರಾದ ನಾವೇನು ಮಾಡಬೇಕು? ಪ್ರಶ್ನೆ ಕೇಳಬೇಕು. ಸಂಘದ ವಾರ್ಷಿಕ ಸಭೆಯಲ್ಲಿ ಲಾಭಾಂಶ ಎಷ್ಟು ಎಂದು ಕೇಳುವಂತೆ ಇದನ್ನೂ ಕೇಳಿ: ನಮ್ಮ ಕಂಪ್ಯೂಟರ್‌ನ 22, 3389, 3306, 1433 ಹೊರಗಿನವರಿಗೆ ತೆರೆದಿವೆಯೇ? ತೆರೆದಿದ್ದರೆ ಯಾರಿಗಾಗಿ? ಕೀಲಿಕೈ ಯಾರ ಬಳಿ ಇದೆ? ಲೆಕ್ಕದ ಇನ್ನೊಂದು ಪ್ರತಿ ಕಂಪ್ಯೂಟರ್‌ಗೆ ಸೇರದ ಕಡೆ ಇದೆಯೇ? ಉತ್ತರ ಠರಾವು ಪುಸ್ತಕದಲ್ಲಿ ಬರೆಸಿ. ಸಾಫ್ಟ್‌ವೇರ್ ಕೊಳ್ಳುವ ಕರಾರಿನಲ್ಲೂ ಒಂದು ಸಾಲು ಇರಲಿ: ಡೇಟಾಬೇಸ್‌ನ ಬಾಗಿಲು ಇಂಟರ್‌ನೆಟ್‌ಗೆ ತೆರೆಯುವಂತಿಲ್ಲ.

ಕಾನೂನೂ ಸುಮ್ಮನಿಲ್ಲ. ಇಂಥ ದಾಳಿಯಾದರೆ 6 ಗಂಟೆಯೊಳಗೆ ತಿಳಿಸಬೇಕೆಂದು ಕೇಂದ್ರದ ಸರ್ಟ್-ಇನ್ ಸಂಸ್ಥೆ 2022ರ ಏಪ್ರಿಲ್‌ನಲ್ಲಿ ಆದೇಶಿಸಿದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ಜನರ ಮಾಹಿತಿಯನ್ನು ಕಾಯಲು ತಪ್ಪಿದವರಿಗೆ 250 ಕೋಟಿ ರೂಪಾಯಿವರೆಗೆ ದಂಡದ ಅವಕಾಶವಿದೆ. ಆದರೆ ದಂಡ ಬೀಳುವುದು ಲೆಕ್ಕ ಹೋದ ಮೇಲೆ. ರೈತನ ಬಾಕ್ಸ್‌ನ ಲೆಕ್ಕ ದಂಡದಿಂದ ವಾಪಸ್ ಬರುವುದಿಲ್ಲ.

ಆ ಕೋಲ್ಡ್ ಸ್ಟೋರೇಜ್‌ಗೆ ಎರಡು ತಿಂಗಳ ಮೇಲೆ ಮತ್ತೆ ಹೋಗಿದ್ದೆ. ಹುಡುಗ ರಸೀದಿಗಳನ್ನು ನೋಡಿ ನೋಡಿ ಎಲ್ಲವನ್ನೂ ಮತ್ತೆ ತುಂಬಿದ್ದ. ಹೊಸ ಕಂಪ್ಯೂಟರ್, ಹೊಸ ಪಾಸ್‌ವರ್ಡ್. "ಆ ಎರಡು ಬಾಗಿಲು?" ಎಂದು ಕೇಳಿದೆ. ಹುಡುಗ ತಲೆ ಕೆರೆದುಕೊಂಡ.

"ಸಾಫ್ಟ್‌ವೇರ್‌ನವ್ರು ಅಪ್‌ಡೇಟ್ ಮಾಡೂದೈತಿ ಅಂದ್ರು, ಅಣ್ಣಾ. ಮತ್ತ ತೆಗಿಸ್ಯಾರ."

ಮಾಲೀಕರಿಗೆ ಅದು ಗೊತ್ತೇ ಇರಲಿಲ್ಲ.