ಮಕ್ಕಳ ಚೀಟಿಗಳು ಡಬ್ಬಿಯಲ್ಲೇ ಉಳಿದವು

ವೈಜ್ಞಾನಿಕ ಕಥೆ, ಸಿನಿಮಾ ಪ್ರಿಯರ ಮೇಳವನ್ನು ನಮ್ಮ ಕಡೆ ನಡೆಸಿದ, ಮುಂದೆಯೂ ನಡೆಸಲಿರುವ ಆಯೋಜಕರಿಗೆ,

ನಾನು ಹಳಿಯಾಳ ತಾಲ್ಲೂಕಿನ ಪ್ರೌಢಶಾಲೆಯೊಂದರ ವಿಜ್ಞಾನ ಶಿಕ್ಷಕಿ.

ಈ ಮಾತುಗಳನ್ನು ನಿಮಗೆ ಖಾಸಗಿಯಾಗಿ ಬರೆದು ಕಳಿಸಿದ್ದೆ. ಉತ್ತರ ಬರಲಿಲ್ಲ. ಹಾಗಾಗಿ ನಾಲ್ಕು ಜನ ಓದುವ ಕಡೆ ಬರೆಯುತ್ತಿದ್ದೇನೆ. ನಿಮ್ಮ ಸಂಸ್ಥೆಯ ಹೆಸರನ್ನಾಗಲಿ, ರೆಸಾರ್ಟಿನ ಹೆಸರನ್ನಾಗಲಿ, ಅಂದು ಬಂದಿದ್ದ ನಟರ ಹೆಸರನ್ನಾಗಲಿ ಹಾಕುವುದಿಲ್ಲ. ಯಾರ ಮಾನ ಕಳೆಯುವುದೂ ನನ್ನ ಉದ್ದೇಶವಲ್ಲ. ನಮ್ಮ ಮಕ್ಕಳಿಗೆ ಕೊಟ್ಟ ಮಾತು ನಡೆಯಲಿಲ್ಲ, ಅದನ್ನು ನೀವು ಸರಿಪಡಿಸಬೇಕು. ನಾನು ಕೇಳುವುದು ಅಷ್ಟನ್ನೇ.

ದಾಂಡೇಲಿ ಬಸ್ ನಿಲ್ದಾಣದ ಗೋಡೆಯ ಮೇಲೆ ನಿಮ್ಮ ಪೋಸ್ಟರ್ ಇತ್ತು. ಕಾಳಿ ನದಿಯ ದಂಡೆಯ ರೆಸಾರ್ಟಿನಲ್ಲಿ ಎರಡು ದಿನದ ಮೇಳ, ಟಿ.ವಿ. ಧಾರಾವಾಹಿಯಿಂದ ಹೆಸರಾದ, ಈಚೆಗೆ ವೈಜ್ಞಾನಿಕ ಸಿನಿಮಾದಲ್ಲೂ ನಟಿಸಿದ ಕಲಾವಿದರು ಬರುತ್ತಾರೆ; ಅವರನ್ನು ಭೇಟಿ ಮಾಡಿ, ಪ್ರಶ್ನೆ ಕೇಳಿ ಎಂದಿತ್ತು. ವಿದ್ಯಾರ್ಥಿಗಳಿಗೆ ಪ್ರವೇಶ ಶುಲ್ಕ 150 ರೂಪಾಯಿ. ಕೂಲಿ ಮಾಡುವ ಮನೆಯಲ್ಲಿ ಅದು ಸಣ್ಣ ದುಡ್ಡಲ್ಲ. ಆದರೂ ಮನೆಯವರು ಕೊಟ್ಟು ಕಳಿಸಿದರು. ಜೋಯಿಡಾ ಕಡೆಯಿಂದ, ಮುಂಡಗೋಡದಿಂದ ಶಿಕ್ಷಕ ಗೆಳೆಯರೂ ತಮ್ಮ ಮಕ್ಕಳನ್ನು ಕರೆತಂದರು.

ಬಾಗಿಲಲ್ಲೇ ಗೊತ್ತಾಯಿತು, 150 ರೂಪಾಯಿ ಬರೀ ಒಳಗೆ ಬಿಡಲು. ನಟರ ಪಕ್ಕ ನಿಂತು ಫೋಟೊ ತೆಗೆಸಿಕೊಳ್ಳಲು ಬೇರೆ ದುಡ್ಡು, ಹಸ್ತಾಕ್ಷರಕ್ಕೆ ಬೇರೆ. ಅದನ್ನೂ ಮೊಬೈಲಿನಲ್ಲೇ ಕಟ್ಟಬೇಕು. ಮಕ್ಕಳ ಕೈಯಲ್ಲಿ ಮೊಬೈಲ್ ಎಲ್ಲಿಂದ ಬರಬೇಕು? ನದಿ ದಂಡೆಯಲ್ಲಿ ನನ್ನ ಮೊಬೈಲಿಗೂ ಸಿಗ್ನಲ್ ಇರಲಿಲ್ಲ. ಇದ್ಯಾವುದೂ ಪೋಸ್ಟರಿನಲ್ಲಿ ಇರಲಿಲ್ಲ. ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದು ಡಬ್ಬಿಗೆ ಹಾಕಿ ಎಂದಿರಿ, ಮಕ್ಕಳು ಹಾಕಿದರು. ನಿರೂಪಕರು ಇಂಗ್ಲಿಷಿನಲ್ಲಿದ್ದ ಒಂದೆರಡು ಚೀಟಿ ಓದಿ, ಸಮಯವಾಯಿತು ಎಂದು ಫೋಟೊ ಸಾಲು ಶುರು ಮಾಡಿಸಿದರು. ಪ್ರಶ್ನೆಗೆಂದು ಇಟ್ಟಿದ್ದ ಒಂದು ಗಂಟೆಯನ್ನು ಆ ಸಾಲು ತಿಂದು ಹಾಕಿತು. ಕನ್ನಡದ ಒಂದು ಚೀಟಿಯನ್ನೂ ಬಿಚ್ಚಲಿಲ್ಲ. ಕರ್ನಾಟಕದ ನೆಲದಲ್ಲಿ, ಕನ್ನಡದ ನಟರೇ ವೇದಿಕೆಯ ಮೇಲೆ ಕೂತಿರುವಾಗ ಹೀಗಾಯಿತು.

ಆ ಡಬ್ಬಿಯಲ್ಲಿ ಏನಿತ್ತು ಎಂದು ನಿಮಗೆ ಗೊತ್ತಾಗಬೇಕು. ಚೀಟಿ ಬರೆಯುವಾಗ ನಾನು ಮಕ್ಕಳ ಪಕ್ಕದಲ್ಲೇ ಇದ್ದೆ. ಜೋಯಿಡಾ ತಾಲ್ಲೂಕಿನ ರಾಮನಗರದ ಹುಡುಗಿಯೊಬ್ಬಳು ಬರೆದದ್ದು ಹೀಗೆ: ‘ಕಾಲಯಂತ್ರದಲ್ಲಿ ಹಿಂದಕ್ಕೆ ಹೋದರೆ ಮುಳುಗುವ ಮುಂಚಿನ ಸೂಪಾ ಪೇಟೆ ನೋಡಬಹುದಾ? ನೀರು ಬರುತ್ತದೆ ಎಂದು ಮೊದಲೇ ಹೇಳಿದರೆ ಅಲ್ಲಿಯವರು ನಂಬುತ್ತಾರಾ?’ ಗಣೇಶಗುಡಿ ಬಳಿ 101 ಮೀಟರ್ ಎತ್ತರದ ಸೂಪಾ ಅಣೆಕಟ್ಟು ಎದ್ದಾಗ ಹಳೆಯ ಸೂಪಾ ಊರು ನೀರಿನಡಿ ಹೋಯಿತು, ತಾಲ್ಲೂಕು ಕಚೇರಿ ಜೋಯಿಡಾಕ್ಕೆ ಬಂತು, ಊರು ಬಿಟ್ಟ ಎಷ್ಟೋ ಮನೆಗಳು ರಾಮನಗರದಲ್ಲಿ ನೆಲೆ ನಿಂತವು. ಆ ಹುಡುಗಿಯ ಅಜ್ಜನ ಮನೆಯೂ ಅವುಗಳಲ್ಲಿ ಒಂದು. ಕಾಲಪ್ರಯಾಣದ ಕಥೆಯನ್ನು ಇಷ್ಟು ಹತ್ತಿರದಿಂದ ಕೇಳಿದ ಪ್ರಶ್ನೆಯನ್ನು ನಾನು ದೊಡ್ಡವರ ಬಾಯಲ್ಲೂ ಕೇಳಿಲ್ಲ. ಕಥೆ ಬರೆಯುವವರು, ಅದರಲ್ಲಿ ನಟಿಸುವವರು ಕೂತು ಉತ್ತರ ಹುಡುಕಬೇಕಾದ ಪ್ರಶ್ನೆ ಅದು.

ನಟರ ಮೇಲೆ ನನಗೆ ಎಳ್ಳಷ್ಟೂ ಬೇಸರವಿಲ್ಲ. ಸಂಜೆ ನಾವು ಗೇಟಿನ ಹೊರಗೆ ಬಸ್ಸಿಗೆ ಹೊರಟು ನಿಂತಿದ್ದಾಗ ಅವರ ಕಾರು ಬಂತು. ಯೂನಿಫಾರ್ಮಿನ ಮಕ್ಕಳನ್ನು ಕಂಡು ಇಳಿದರು. ಹಳಿಯಾಳದ ಹುಡುಗನೊಬ್ಬ ಅವರ ಸಿನಿಮಾದಲ್ಲಿ ಕಂಡ ಯಂತ್ರದ ಬಗ್ಗೆ ತಡೆಯಲಾರದೆ ಕೇಳಿಬಿಟ್ಟ: ‘ಸರ್‍ರ, ಆ ಮಷೀನ್ ಖರೇನ ತಿರಗತಿತ್ತೇನ್ರಿ?’ ಅವರು ಹೇಳಿದರು: ಯಂತ್ರ ಪ್ಲೈವುಡ್ಡಿನದು, ಮೇಲೆ ಬೆಳ್ಳಿ ಬಣ್ಣ ಬಳಿದದ್ದು, ಹಿಂದೆ ಕೂತ ಇಬ್ಬರು ಕೈಯಿಂದಲೇ ತಿರುಗಿಸುತ್ತಿದ್ದರು. ಆಕಾಶದಲ್ಲಿ ಬರುವ ನೌಕೆಯನ್ನು ನೋಡಿ ಬೆರಗಾಗುವ ದೃಶ್ಯದಲ್ಲಿ ಎದುರಿಗೆ ಇದ್ದದ್ದು ಹಸಿರು ಪರದೆ, ಕೋಲಿನ ತುದಿಗೆ ಕಟ್ಟಿದ ಒಂದು ಟೆನಿಸ್ ಚೆಂಡು. ಕಣ್ಣು ಅದರ ಮೇಲೇ ಇರಬೇಕು. ನೌಕೆಯನ್ನು ಆಮೇಲೆ ಕಂಪ್ಯೂಟರಿನಲ್ಲಿ ಸೇರಿಸುತ್ತಾರೆ. ಒಂದು ಕಾಲಕ್ಕೆ ಪ್ಲೈವುಡ್ ಕಾರ್ಖಾನೆ ಇದ್ದ ದಾಂಡೇಲಿಯ ಸುತ್ತಮುತ್ತಲಿನ ಮಕ್ಕಳಿಗೆ ಆ ಮಾತು ಎಷ್ಟು ಹಿಡಿಸಿತೆಂದರೆ, ಮಾರನೆಯ ವಾರವೇ ಅವರು ರಟ್ಟಿನಲ್ಲಿ ಯಂತ್ರ ಮಾಡತೊಡಗಿದರು. ನಟರು ಇನ್ನೂ ನಿಲ್ಲುವವರಿದ್ದರು. ನಿಮ್ಮ ಕಾರ್ಯಕರ್ತರು ತಡವಾಯಿತೆಂದು ಕರೆದರು, ನಮಗೂ ಜೋಯಿಡಾ ಕಡೆಯ ಕೊನೆಯ ಬಸ್ಸಿನ ಹೊತ್ತಾಗಿತ್ತು. ರಾಮನಗರದ ಹುಡುಗಿಯ ಸರದಿ ಅಲ್ಲೂ ಬರಲಿಲ್ಲ.

ಇಂಥ ಮೇಳಗಳ ಹುಟ್ಟು ನಿಮಗೆ ನನಗಿಂತ ಚೆನ್ನಾಗಿ ಗೊತ್ತಿರಬೇಕು. 1972ರ ಜನವರಿಯಲ್ಲಿ ನ್ಯೂಯಾರ್ಕಿನಲ್ಲಿ ‘ಸ್ಟಾರ್ ಟ್ರೆಕ್’ ಧಾರಾವಾಹಿಯ ಅಭಿಮಾನಿಗಳೇ ಸೇರಿ ಒಂದು ಮೇಳ ಮಾಡಿದರು. ಧಾರಾವಾಹಿ ನಿಂತು ಎರಡು ವರ್ಷ ಕಳೆದಿತ್ತು. ಕೆಲವು ನೂರು ಜನ ಬಂದಾರು ಎಂದುಕೊಂಡಿದ್ದರು, ಬಂದವರು ಮೂರು ಸಾವಿರಕ್ಕೂ ಹೆಚ್ಚು. ಲೇಖಕ ಐಸಾಕ್ ಅಸಿಮೊವ್ ಅಲ್ಲಿದ್ದರು. ಇನ್ನೊಂದು ಸಂಗತಿಯನ್ನು ನಾನು ತರಗತಿಯಲ್ಲಿ ಮತ್ತೆ ಮತ್ತೆ ಹೇಳುತ್ತೇನೆ. ಅದೇ ಧಾರಾವಾಹಿಯಲ್ಲಿ ಉಹುರಾ ಪಾತ್ರ ಮಾಡಿದ ಕಪ್ಪುವರ್ಣದ ನಟಿ ನಿಶೆಲ್ ನಿಕೋಲ್ಸ್, 1975ರಲ್ಲಿ ಚಿಕಾಗೊದ ಮೇಳವೊಂದರಲ್ಲಿ ನಾಸಾದ ಯೆಸ್ಕೊ ಫಾನ್ ಪುಟ್‌ಕಾಮರ್ ಅವರ ಭಾಷಣ ಕೇಳಿದರು. ಅಲ್ಲಿಂದ ಬೆಳೆದ ನಂಟಿನಿಂದ 1977ರಲ್ಲಿ ನಿಕೋಲ್ಸ್ ನಾಸಾಕ್ಕಾಗಿ ಊರೂರು ತಿರುಗಿ, ಮಹಿಳೆಯರೂ ಕಪ್ಪುವರ್ಣದವರೂ ಗಗನಯಾತ್ರಿ ಕೆಲಸಕ್ಕೆ ಅರ್ಜಿ ಹಾಕಬೇಕೆಂದು ಕರೆ ಕೊಟ್ಟರು. ಉಹುರಾಳನ್ನು ಟಿ.ವಿ.ಯಲ್ಲಿ ನೋಡುತ್ತ ಬೆಳೆದ ಮೇ ಜೆಮಿಸನ್ 1992ರಲ್ಲಿ ಬಾಹ್ಯಾಕಾಶಕ್ಕೆ ಹೋದ ಮೊದಲ ಕಪ್ಪುವರ್ಣದ ಮಹಿಳೆಯಾದರು.

ಈ ಕಥೆ ಹೇಳಿ ಜೆಮಿಸನ್ ಅವರ ಚಿತ್ರ ತೋರಿಸಿದ ದಿನ ಸಿದ್ದಿ ಸಮುದಾಯದ ವಿದ್ಯಾರ್ಥಿನಿಯೊಬ್ಬಳು ಪಾಠ ಮುಗಿದ ಮೇಲೂ ಬೆಂಚು ಬಿಟ್ಟು ಏಳಲಿಲ್ಲ. ಬಾಹ್ಯಾಕಾಶಕ್ಕೆ ಹೋಗಲು ಯಾವ ಓದು ಓದಬೇಕು, ಎಲ್ಲಿ ಓದಬೇಕು ಎಂದು ಕೇಳುತ್ತಲೇ ಇದ್ದಳು. ಹಳಿಯಾಳ, ಮುಂಡಗೋಡ, ಯಲ್ಲಾಪುರದ ಕಾಡಂಚಿನಲ್ಲಿ ತಲೆಮಾರುಗಳಿಂದ ಬಾಳುತ್ತಿರುವ ಆಫ್ರಿಕಾ ಮೂಲದ ಸಮುದಾಯ ಸಿದ್ದಿಗಳದು. ಅದೇ ಸಮುದಾಯದ ಪ್ರಶಾಂತ್ ಸಿದ್ದಿ ಕನ್ನಡ ಸಿನಿಮಾದಲ್ಲಿ ಹೆಸರು ಮಾಡಿದ್ದಾರೆ. 2021ರ ‘ಸಲಗ’ದಲ್ಲಿ ಸಿದ್ದಿ ಕಲಾವಿದರ ದನಿಯನ್ನು ನಾಡೆಲ್ಲ ಕೇಳಿತು. ಆ ವಿದ್ಯಾರ್ಥಿನಿಯ ಚೀಟಿಯೂ ನಿಮ್ಮ ಡಬ್ಬಿಯಲ್ಲಿತ್ತು.

ನಮ್ಮ ಕಡೆಯ ಮಕ್ಕಳಿಗೆ ಇದೆಲ್ಲ ಎಲ್ಲಿ ತಿಳಿಯುತ್ತದೆ ಎಂದು ಮೇಳದಲ್ಲಿ ನಿಮ್ಮ ಕಾರ್ಯಕರ್ತರೊಬ್ಬರು ಆಡಿದ ಮಾತು ನನ್ನ ಕಿವಿಗೆ ಬಿತ್ತು. ಅದಕ್ಕೆ ಉತ್ತರ ಕೊಡದಿದ್ದರೆ ನನಗೆ ಸಮಾಧಾನವಿಲ್ಲ. ಇದೇ ಜಿಲ್ಲೆಯ ಕೈಗಾ ಅಣುವಿದ್ಯುತ್ ಸ್ಥಾವರದ ಒಂದನೇ ಘಟಕ 2018ರ ಕೊನೆಯ ಹೊತ್ತಿಗೆ 962 ದಿನ ಎಡೆಬಿಡದೆ ನಡೆದು ವಿಶ್ವದಾಖಲೆ ಮಾಡಿತು. ಮುಂಡಗೋಡದ ಟಿಬೆಟನ್ ಕ್ಯಾಂಪಿನ ಡ್ರೆಪುಂಗ್ ಮಠದಲ್ಲಿ 2013ರ ಜನವರಿಯಲ್ಲಿ ದಲೈ ಲಾಮಾ ಅವರೊಂದಿಗೆ ವಿಜ್ಞಾನಿಗಳು ದಿನಗಟ್ಟಲೆ ಕೂತು ಮನಸ್ಸು, ಮಿದುಳು, ಭೌತವಿಜ್ಞಾನ ಕುರಿತು ಚರ್ಚಿಸಿದರು. ಅಲ್ಲಿನ ಭಿಕ್ಷುಗಳು ಇಂದು ಆಧುನಿಕ ವಿಜ್ಞಾನವನ್ನು ಪಠ್ಯವಾಗಿ ಓದುತ್ತಾರೆ. ಕನ್ನಡ ವೈಜ್ಞಾನಿಕ ಕಥೆಗೆ ದಾರಿ ಹಾಕಿದ ರಾಜಶೇಖರ ಭೂಸನೂರಮಠರ ಪುಸ್ತಕಗಳನ್ನು ಓದಿದವರು ಈ ಕಡೆ ಎಷ್ಟೋ ಜನ ಇದ್ದಾರೆ. ನನ್ನ ಪೀಳಿಗೆ 1997ರ ‘ಶಕ್ತಿಮಾನ್’, 1998ರ ‘ಕ್ಯಾಪ್ಟನ್ ವ್ಯೋಮ್’ ನೋಡಿ ಬೆಳೆಯಿತು. ಈಗಿನ ಮಕ್ಕಳು ಕಾಲಪ್ರಯಾಣವನ್ನು ಕನ್ನಡದಲ್ಲೇ, 2024ರ ‘ಬ್ಲಿಂಕ್’ನಲ್ಲಿ ನೋಡಿದ್ದಾರೆ. ಅದರ ನಾಯಕ ದೀಕ್ಷಿತ್ ಶೆಟ್ಟಿ ‘ನಾಗಿಣಿ’ ಧಾರಾವಾಹಿಯಿಂದ ಮನೆಮನೆಗೆ ಪರಿಚಿತರು. (ನಿಮ್ಮ ಮೇಳಕ್ಕೆ ಬಂದವರು ಅವರಲ್ಲ, ತಪ್ಪು ತಿಳಿವಳಿಕೆ ಬೇಡವೆಂದು ಹೇಳುತ್ತಿದ್ದೇನೆ.) ಆ ಸಿನಿಮಾದ ಕಾಲದ ಲೆಕ್ಕ ತಪ್ಪಾಗಿದೆಯೇ ಎಂದು ನಮ್ಮ ಹತ್ತನೇ ತರಗತಿಯ ಮಕ್ಕಳು ಕಪ್ಪುಹಲಗೆಯ ಮೇಲೆ ಗೆರೆ ಎಳೆದು ಜಗಳವಾಡಿದ್ದಾರೆ.

ಇನ್ನೊಂದು ಮಾತು. ಕಾಳಿಯ ನೀರು, ಕಾಡು, ರಾಫ್ಟಿಂಗು, ಮಂಗಟ್ಟೆ ಹಕ್ಕಿ ನೋಡಲೆಂದು ಬೆಂಗಳೂರು, ಪುಣೆ, ಗೋವಾಗಳಿಂದ ಜನ ಬರುತ್ತಾರೆ. ಬರಲಿ, ಅದರಿಂದ ನಮ್ಮವರ ಹೊಟ್ಟೆ ತುಂಬುತ್ತದೆ. ಆದರೆ ಆ ರೆಸಾರ್ಟುಗಳಲ್ಲಿ ನಡೆಯುವ ಸಂಗೀತ, ನಾಟಕ, ಮೇಳ ಯಾವುದಕ್ಕೂ ಊರಿನವರು ಕಾವಲುಗಾರರಾಗಿ, ಅಡುಗೆಯವರಾಗಿ ಮಾತ್ರ ಒಳಗೆ ಹೋಗುವಂತಾಗಿದೆ. ಈ ಮಕ್ಕಳ ಅಪ್ಪ ಅಮ್ಮಂದಿರಲ್ಲಿ ಕೆಲವರು ಅಂಥ ಕಡೆ ಕೆಲಸ ಮಾಡುವವರೇ. ಅವರ ಮಕ್ಕಳು ಒಂದು ದಿನ ಟಿಕೆಟ್ ಕೊಂಡು ಒಳಗೆ ಬಂದಾಗ ಮೂಲೆಯಲ್ಲಿ ನಿಲ್ಲಿಸಬಾರದಿತ್ತು.

ಫೋಟೊಗೆ ದುಡ್ಡು ತೆಗೆದುಕೊಳ್ಳಬೇಡಿ ಎಂದು ನಾನು ಹೇಳುವುದಿಲ್ಲ. ಮೇಳ ನಡೆಸಲು ಖರ್ಚಿದೆ, ನಟರಿಗೂ ಸಂಭಾವನೆ ಕೊಡಬೇಕು. ಯಾವುದಕ್ಕೆ ಎಷ್ಟು ಎಂದು ಪೋಸ್ಟರಿನಲ್ಲೇ, ಪ್ರವೇಶ ಶುಲ್ಕದಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕಿಸಿ. ನಗದು ತೆಗೆದುಕೊಳ್ಳಿ. ಪ್ರಶ್ನೆಗೆಂದು ಇಟ್ಟ ಹೊತ್ತನ್ನು ಫೋಟೊ ಸಾಲಿಗೆ ಕೊಡಬೇಡಿ, ಕನ್ನಡದಲ್ಲಿ ಓದಬಲ್ಲ ನಿರೂಪಕರನ್ನು ಇಡಿ. ಕಾರ್ಯಕ್ರಮದ ವೇಳೆ ಗೊತ್ತು ಮಾಡುವ ಮುಂಚೆ ಜೋಯಿಡಾ, ಮುಂಡಗೋಡದ ಕೊನೆಯ ಬಸ್ಸು ಎಷ್ಟೊತ್ತಿಗೆ ಎಂದು ಡಿಪೋದಲ್ಲಿ ಒಮ್ಮೆ ಕೇಳಿ. ಎರಡನೆಯ ದಿನ ಬೆಳಿಗ್ಗೆ ಒಂದು ಗಂಟೆಯನ್ನು ಸರ್ಕಾರಿ ಶಾಲೆಯ ಮಕ್ಕಳಿಗೆಂದೇ ಎತ್ತಿಡಿ. ನಟರು ಅದಕ್ಕೆ ಒಲ್ಲೆ ಎನ್ನುವುದಿಲ್ಲ, ಗೇಟಿನ ಬಳಿ ನಾನೇ ಕಣ್ಣಾರೆ ಕಂಡಿದ್ದೇನೆ.

ಈ ಪತ್ರ ಓದುವ ಕಲಾವಿದರಲ್ಲೂ ಒಂದು ಕೋರಿಕೆ. ಇಂಥ ಮೇಳಕ್ಕೆ ಒಪ್ಪಿಕೊಳ್ಳುವಾಗ, ಮಕ್ಕಳ ಜೊತೆ ಮಾತಿಗೆ ಎಷ್ಟು ಹೊತ್ತು ಇಟ್ಟಿದ್ದೀರಿ ಎಂದು ಆಯೋಜಕರನ್ನು ಕೇಳಿ. ನೀವು ಕೇಳಿದರೆ ಅವರು ಇಡುತ್ತಾರೆ.

ಆ ಚೀಟಿಗಳ ಡಬ್ಬಿ ನಿಮ್ಮ ಬಳಿಯೇ ಇದ್ದರೆ ದಯವಿಟ್ಟು ಅದನ್ನು ನಟರಿಗೆ ತಲುಪಿಸಿ. ಪ್ರತಿ ಚೀಟಿಯ ಕೆಳಗೆ ಶಾಲೆಯ ವಿಳಾಸ ಬರೆಸಿದ್ದೇನೆ. ಉತ್ತರ ಎರಡೇ ಸಾಲು ಇದ್ದರೂ ಸಾಕು, ಅಂಚೆಯಲ್ಲಿ ಬರಲಿ.

ಇತಿ ತಮ್ಮ ವಿಶ್ವಾಸಿ,
ವಿಜ್ಞಾನ ಶಿಕ್ಷಕಿ, ಹಳಿಯಾಳ ತಾಲ್ಲೂಕು